ಇಂಗ್ಲಿಷಿನ ‘ಮ್ಯಾನ್’ನಲ್ಲಿ ಹೆಂಗಸರೂ ಸೇರುತ್ತಾರಲ್ಲ, ಮತ್ತೆ ‘ಚೇರ್‌ಮನ್’ ಎಂಬುದಕ್ಕೆ ಆಕ್ಷೇಪ ಏಕೆ?

ಸೇರುತ್ತಾರೆಂದು ಹೇಳುವುದುಂಟು, ಆದರೆ ಕೇಳಿದವರ ಕಣ್ಮುಂದೆ ಬರುವುದು ಗಂಡಸೇ. ಎಲ್ಲರಿಗೂ ಅನ್ವಯಿಸುವ ವಾಕ್ಯದಲ್ಲಿ ‘ಹಿ’ (ಅವನು) ಎಂದಿದ್ದರೆ ಓದುಗರು ಹೆಚ್ಚಾಗಿ ಪುರುಷನನ್ನೇ ಊಹಿಸಿಕೊಳ್ಳುತ್ತಾರೆಂದು ಮನೋವಿಜ್ಞಾನದ ಹಲವು ಪ್ರಯೋಗಗಳು ತೋರಿಸಿವೆ.

ಹಳೆಯ ಇಂಗ್ಲಿಷಿನಲ್ಲಿ ‘ಮ್ಯಾನ್’ ಪದಕ್ಕೆ ಮನುಷ್ಯ ಎಂದೇ ಅರ್ಥ. ಗಂಡಿಗೆ ‘ವೆರ್’, ಹೆಣ್ಣಿಗೆ ‘ವೀಫ್’ ಎಂಬ ಬೇರೆ ಪದಗಳಿದ್ದವು. ಕಾಲಕ್ರಮೇಣ ‘ವೆರ್’ ಮರೆಯಾಗಿ, ಅದರ ಅರ್ಥವೂ ‘ಮ್ಯಾನ್’ಗೇ ಬಂತು. ಹೀಗೆ ಗಂಡೇ ಮನುಷ್ಯನ ಮಾದರಿಯಾದ. ಹೆಣ್ಣಿಗೆ ಪ್ರತ್ಯೇಕ ಗುರುತು ಬೇಕಾಯಿತು. ‘ಲೇಡಿ ಡಾಕ್ಟರ್’ ಎನ್ನುವಂತೆ ಗಂಡು ವೈದ್ಯರಿಗೆ ಯಾರೂ ವಿಶೇಷಣ ಸೇರಿಸುವುದಿಲ್ಲ.

ಇದರ ಪೆಟ್ಟು ಎಂಥದ್ದು ನೋಡಿ. ಕಾಯ್ದೆಗಳ ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎಂದು ಬ್ರಿಟಿಷ್ ಸಂಸತ್ತು 1850ರಲ್ಲೇ ಹೇಳಿತ್ತು. 1867ರ ಮತದಾನ ಕಾಯ್ದೆಯಲ್ಲಿ ‘ಮ್ಯಾನ್’ ಎಂದಿತ್ತು. ಹಾಗಾದರೆ ನಮಗೂ ಮತದ ಹಕ್ಕು ಕೊಡಿ ಎಂದು ಮಹಿಳೆಯರು ಕೋರ್ಟಿಗೆ ಹೋದರೆ, 1868ರಲ್ಲಿ ಬಂದ ತೀರ್ಪು: ಇಲ್ಲಿ ಹೆಂಗಸರು ಸೇರುವುದಿಲ್ಲ. ಅನುಕೂಲಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಇಂಥ ಪದವನ್ನು ನಂಬಿ ಕೂರುವುದು ಅನ್ಯಾಯ. ‘ಚೇರ್‌ಪರ್ಸನ್’ ಎಂದರೆ ಆ ಗೊಂದಲವೇ ಇರುವುದಿಲ್ಲ.

ಜೋಡಿಪದಗಳಲ್ಲೂ ಇದೇ ಪಕ್ಷಪಾತ: ‘ಮಾಸ್ಟರ್’ ಇಂದಿಗೂ ಒಡೆಯ, ನಿಪುಣ, ‘ಮಿಸ್ಟ್ರೆಸ್’ ಮಾತ್ರ ವಿವಾಹಿತನ ಪ್ರೇಯಸಿ ಎಂಬ ಅರ್ಥಕ್ಕೆ ಇಳಿದುಹೋಯಿತು.