ಪಾರ್ಕಿಂಗ್ ಕಟ್ಟಡದ ಸ್ಲ್ಯಾಬ್: ಹಲಗೆ ಬೇಗ ಬಿಚ್ಚಬಹುದು, ಜಾಕಿ ಬಿಚ್ಚಬೇಡಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾಲ್ಕು ಸ್ಲ್ಯಾಬಿನ ಕಾರ್ ಪಾರ್ಕಿಂಗ್ ಕಟ್ಟಡ ಕಟ್ಟಿಸುತ್ತಿದ್ದೇವೆ. ಪಿಲ್ಲರ್ ಅಂತರ 8 ಮೀಟರ್, ಬೀಮ್ ಇಲ್ಲದ 250 ಮಿ.ಮೀ. ಫ್ಲ್ಯಾಟ್ ಸ್ಲ್ಯಾಬ್, ಮಹಡಿಗೆ 2,000 ಚದರ ಮೀಟರ್. ಟವರ್ ಕ್ರೇನ್ ಇಲ್ಲ. ಟೇಬಲ್ ಫಾರ್ಮ್ ತಂದರೆ ನಾಲ್ಕೇ ದಿನಕ್ಕೆ ಬಿಚ್ಚಿ ಮೇಲಕ್ಕೆ ಒಯ್ಯಬಹುದು ಎನ್ನುತ್ತಾರೆ ಸೆಂಟ್ರಿಂಗ್ ಗುತ್ತಿಗೆದಾರರು. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಟೇಬಲ್ ಅಂದರೆ ಪ್ಲೈ, ಬೀಮ್, ಕಾಲುಗಳನ್ನು ಒಟ್ಟಿಗೆ ಜೋಡಿಸಿದ ದೊಡ್ಡ ಚೌಕಟ್ಟು. ಅದನ್ನು ಅಂಚಿನಿಂದ ಹೊರಗೆಳೆದು ಮೇಲೆತ್ತಲು ಸಾಮಾನ್ಯವಾಗಿ ಕ್ರೇನ್ ಬೇಕು. ಅಲ್ಲದೆ ಟೇಬಲ್ ಇಳಿಸಿದೊಡನೆ ಅಷ್ಟಗಲದ ಸ್ಲ್ಯಾಬಿಗೆ ಆಸರೆ ತಪ್ಪುತ್ತದೆ. ನಿಮಗೆ ಡ್ರಾಪ್ ಹೆಡ್ ಇರುವ ಪ್ಯಾನೆಲ್ ಪದ್ಧತಿ ಸರಿ. ಜಾಕಿಯ (ಸ್ಲ್ಯಾಬಿಗೆ ಆಸರೆ ಕೊಡುವ ಕಬ್ಬಿಣದ ಕಂಬದ) ತಲೆಯಲ್ಲಿರುವ ಬೆಣೆಗೆ ಸುತ್ತಿಗೆಯಿಂದ ಹೊಡೆದರೆ ಪ್ಯಾನೆಲ್, ಅಂದರೆ ಅಡಿಹಲಗೆ, ಮತ್ತು ಅದನ್ನು ಹೊತ್ತ ಬೀಮ್ ಕೆಳಗಿಳಿಯುತ್ತವೆ, ಜಾಕಿ ಮಾತ್ರ ಸ್ಲ್ಯಾಬಿಗೆ ಒತ್ತಿಕೊಂಡೇ ನಿಲ್ಲುತ್ತದೆ. ಮಹಡಿಯನ್ನು 500 ಚ.ಮೀ.ನ ನಾಲ್ಕು ಭಾಗ ಮಾಡಿ. ಎರಡು ಭಾಗಕ್ಕಾಗುವಷ್ಟು ಪ್ಯಾನೆಲ್ ಸಾಕು, ಒಂದೊಂದು ಎಂಟು ಸಲ ಬಳಕೆಯಾಗುತ್ತದೆ. ಬಾಡಿಗೆ ಉಳಿಸಬೇಕಾದದ್ದು ಪ್ಯಾನೆಲಿನಲ್ಲಿ, ಜಾಕಿಯಲ್ಲಲ್ಲ.

ನಾಲ್ಕು ದಿನದ ಮಾತು ಅರ್ಧ ಸರಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸ್ಲ್ಯಾಬಿನ ಅಡಿಹಲಗೆಯನ್ನು 3 ದಿನಕ್ಕೆ ತೆಗೆಯಬಹುದು, ಆದರೆ ಜಾಕಿಯನ್ನು ತಕ್ಷಣ ಮತ್ತೆ ಕೊಡಬೇಕು. 4.5 ಮೀಟರ್ ಮೀರಿದ ಸ್ಪ್ಯಾನ್‌ನಲ್ಲಿ (ಆಸರೆಗಳ ನಡುವಿನ ಅಂತರದಲ್ಲಿ) ಜಾಕಿ ತೆಗೆಯಲು 14 ದಿನ. ಇದು ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆತ ಸಿಮೆಂಟ್) ಬಳಸಿದರೆ ಬಲ ನಿಧಾನವಾಗಿ ಬರುತ್ತದೆ, ಹಾಗಾಗಿ ಸ್ಲ್ಯಾಬಿನ ಪಕ್ಕದಲ್ಲೇ ಕ್ಯೂರಿಂಗ್ ಮಾಡಿದ ಕ್ಯೂಬ್ (ಅದೇ ಕಾಂಕ್ರೀಟಿನ ಮಾದರಿ ಗಟ್ಟಿ) ಪರೀಕ್ಷಿಸಿಯೇ ತೀರ್ಮಾನಿಸಿ.

ಪಾರ್ಕಿಂಗ್ ಕಟ್ಟಡಕ್ಕೆ ನಿಜವಾದ ಅಪಾಯ ಬೇರೆ ಇದೆ. 250 ಮಿ.ಮೀ. ಹಸಿ ಕಾಂಕ್ರೀಟ್ ಚ.ಮೀ.ಗೆ ಸುಮಾರು 625 ಕೆ.ಜಿ. ಸೆಂಟ್ರಿಂಗ್, ಜನ, ಯಂತ್ರ ಸೇರಿಸಿ ಇನ್ನು 200 ಹಿಡಿಯಿರಿ, 825 ಆಯಿತು. ಕೆಳಗಿನ ಮಹಡಿಯನ್ನು ಸಾಮಾನ್ಯವಾಗಿ ಕಾರುಗಳ 250 ಕೆ.ಜಿ.ಗೆ ಮಾತ್ರ ವಿನ್ಯಾಸ ಮಾಡಿರುತ್ತಾರೆ! ಒಂದೇ ಮಹಡಿ ಹೊತ್ತರೆ ಪಿಲ್ಲರ್ ಸುತ್ತ ಬಿರುಕು ಬರುತ್ತದೆ, ಪಿಲ್ಲರ್ ಸ್ಲ್ಯಾಬನ್ನು ತೂರಿಕೊಂಡು ಬರುವ ಅಪಾಯವೂ ಉಂಟು. ಅದಕ್ಕೇ ಕೆಳಗಿನ ಇನ್ನೆರಡು ಮಹಡಿಗಳಲ್ಲೂ ಜಾಕಿ ಇರಲಿ. ಮೂರು ಸ್ಲ್ಯಾಬ್ ಹಂಚಿಕೊಂಡರೂ ತಲಾ 275 ಕೆ.ಜಿ. ಬೀಳುವುದರಿಂದ, ಈ ಹಂತದ ಭಾರವನ್ನು ವಿನ್ಯಾಸಕಾರರಿಂದ ಬರಹದಲ್ಲಿ ಒಪ್ಪಿಸಿಕೊಳ್ಳಿ.

14 ದಿನವಾದ ಸ್ಲ್ಯಾಬಿನ ಜಾಕಿಗಳನ್ನು ಒಂದೊಂದು ಅಂಕಣವಾಗಿ, ನಡುವಿನಿಂದ ಪಿಲ್ಲರ್ ಕಡೆಗೆ ಸಡಿಲಿಸಿ. ಸ್ಲ್ಯಾಬ್ ತನ್ನ ಭಾರ ತಾನು ಹೊರಲಿ, ಆಮೇಲೆ ಮೇಲಿನ ಜಾಕಿಗಳ ನೇರಕ್ಕೇ ಕೈಬಿಗಿಯಷ್ಟೇ ಮತ್ತೆ ಕೊಡಿ. ಸ್ಪ್ಯಾನರ್ ಹಾಕಿ ಬಿಗಿದರೆ ಸ್ಲ್ಯಾಬ್ ಮೇಲೆದ್ದು ಮೇಲ್ಮೈಯಲ್ಲಿ ಸೀಳುತ್ತದೆ.

1.2 ಮೀಟರ್ ಅಂತರದಲ್ಲಿ ಒಂದು ಜಾಕಿಗೆ ಸುಮಾರು 1.2 ಟನ್ ಬರುತ್ತದೆ. ಉದ್ದ ಎಳೆದಷ್ಟೂ ಜಾಕಿಯ ಬಲ ಕುಗ್ಗುವುದರಿಂದ, ನಿಮ್ಮ ಎತ್ತರಕ್ಕೆ ಪೂರೈಕೆದಾರರ ಪಟ್ಟಿಯಲ್ಲಿ ಎಷ್ಟಿದೆ ನೋಡಿ. ಪಿನ್ ಬದಲು ಕಂಬಿ ತುಂಡು ಸಿಕ್ಕಿಸಿದ ಜಾಕಿಯನ್ನು ಅಲ್ಲೇ ಹೊರಗಿಡಿ. ನೆಲದ ಮೇಲಿನ ಜಾಕಿಗೆ ಗಟ್ಟಿಸಿದ ಮಣ್ಣಿನ ಮೇಲೆ ಅಗಲ ಹಲಗೆ ಹಾಸಿ. ಕ್ಯೂರಿಂಗ್ ನೀರು ಇಳಿದು ಮಣ್ಣು ಮೆತ್ತಗಾದರೆ ಎಲ್ಲ ಮಹಡಿಯೂ ಕುಗ್ಗುತ್ತದೆ. ರ‍್ಯಾಂಪಿನಲ್ಲಿ ಜಾಕಿ ಇಳಿಜಾರಿಗೆ ವಾಲದೆ ನೆಟ್ಟಗಿರಲಿ. ತಲೆಗೆ ಬೆಣೆ ಕೊಟ್ಟು ಮೊಳೆ ಹೊಡೆದು, ಮೊದಲೇ ಕಾಂಕ್ರೀಟ್ ಹಾಕಿದ ಪಿಲ್ಲರ್‌ಗೆ ಅಡ್ಡಪೈಪಿನಿಂದ ಕಟ್ಟಿ, ಕಾಂಕ್ರೀಟನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತ ಹೋಗಿ.