ಲೇತ್ ಕೆಲಸದ ಅಪ್ಪ, ಬಾಯಿ ಬಿಡದ ಮಗಳು

(ಮುಂದಿನ ಓದಿನ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದ ಕುಟುಂಬವಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹತ್ತನೇ ತರಗತಿಯ ಹುಡುಗಿ. ಮನೆ ಬೆಂಗಳೂರಿನ ಲಗ್ಗೆರೆ ಕಡೆ. ಅಪ್ಪ ಪೀಣ್ಯದಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಆಪರೇಟರ್, ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. "ಮುಂದೆ ಏನು ಓದ್ತೀಯ ಅಂದ್ರೆ ಬಾಯೇ ಬಿಡಲ್ಲ ಮೇಡಂ. ನಾವೇನೂ ಒತ್ತಾಯ ಮಾಡಿಲ್ಲ, ನಿನ್ನಿಷ್ಟ ಅಂತಾನೇ ಹೇಳಿದ್ದೀವಿ" ಎಂದರು ಅಪ್ಪ.

ಹುಡುಗಿ ಒಬ್ಬಳೇ ಇದ್ದಾಗ ಹೇಳಿದ್ದು ಬೇರೆ. "ನಮಗೇನೂ ಗೊತ್ತಿಲ್ಲ ಅಂತ ನನ್ನ ಮೇಲೆ ಬಿಟ್ಟಿದ್ದಾರೆ. ತಪ್ಪಾದ್ರೆ ಅದೂ ನಂದೇ ಅಲ್ವಾ?" ತನಗೆ ಯಾವುದರಲ್ಲೂ ಆಸಕ್ತಿ ಇಲ್ಲ ಎಂದಳು. ಮಾತಾಡ್ತಾ ಆಡ್ತಾ, ಮನೆಯ ಮಿಕ್ಸಿ ಕೆಟ್ಟಾಗ ಬಿಚ್ಚಿ ಕಾರ್ಬನ್ ಬ್ರಷ್ ಬದಲಿಸಿದ್ದು ಇವಳೇ ಎಂದು ಗೊತ್ತಾಯಿತು. ಅದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒತ್ತಡ ಹಾಕುವ ಪೋಷಕರ ಬಗ್ಗೆ ನಾವು ಜಾಸ್ತಿ ಮಾತಾಡುತ್ತೇವೆ. ಒಳ್ಳೆ ಮನಸ್ಸಿನಿಂದಲೇ ದೂರ ನಿಲ್ಲುವವರೂ ಇದ್ದಾರೆ. ತಮ್ಮ ಕೈಲಿರುವ ಕಸುಬನ್ನು ಅವರು ತಿಳಿವಳಿಕೆ ಎಂದೇ ಎಣಿಸುವುದಿಲ್ಲ. ನೋಡಿದರೆ ಸಂಕಟವಾಗುತ್ತದೆ.

‘ನನ್ನ ಕೈಲಾಗುತ್ತೆ’ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ್ದರು. ಸ್ವತಃ ಮಾಡಿ ಗೆದ್ದ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ. ಬೇರೆಯವರು ಮಾಡುವುದನ್ನು ನೋಡಿದಾಗ, ಯಾರಾದರೂ ಹುರಿದುಂಬಿಸಿದಾಗಲೂ ಆ ನಂಬಿಕೆ ಬೆಳೆಯುತ್ತದೆ. ಲೆಂಟ್, ಬ್ರೌನ್, ಹ್ಯಾಕೆಟ್ ಎಂಬ ಸಂಶೋಧಕರು 1994ರಲ್ಲಿ ಇದನ್ನು ವೃತ್ತಿಯ ಆಯ್ಕೆಗೆ ಹೊಂದಿಸಿದರು: ಆ ನಂಬಿಕೆ ಇದ್ದ ಕಡೆಯೇ ಆಸಕ್ತಿ ಚಿಗುರುತ್ತದೆ. ಹಾಗಾಗಿ "ನಿನಗೇನಿಷ್ಟ?" ಎಂದು ಸುಮ್ನೆ ಕೇಳುತ್ತ ಕೂತರೆ ಇವಳಿಂದ ಉತ್ತರ ಬರುವುದಿಲ್ಲ.

ಅಪ್ಪನಿಗೆ ಹೇಳಿದೆ: "ಭಾನುವಾರ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಮನೆಗೆ ತನ್ನಿ. ನೀವು ಮಾಡೋ ಬಿಡಿಭಾಗದ ಡ್ರಾಯಿಂಗ್ ಓದೋದು ಕಲಿಸಿ. ಅಳತೆ ಅವಳೇ ತೆಗೀಲಿ. ತಪ್ಪಾದ್ರೆ ಕೈಯಿಂದ ಕಿತ್ಕೋಬೇಡಿ." ಅಮ್ಮನಿಗೆ, ನೆಂಟರು ಮಾರ್ಕ್ಸ್ ಕೇಳಿದಾಗ ಮಿಕ್ಸಿ ವಿಷಯವನ್ನೂ ಹೇಳಿ ಎಂದೆ. ಮೂವರೂ ಸೇರಿ ಒಂದು ಪಿಯು ಕಾಲೇಜು, ಒಂದು ಪಾಲಿಟೆಕ್ನಿಕ್ ನೋಡಿ ಬರಲು ಹೇಳಿದೆ. ಎಸ್ಸೆಸ್ಸೆಲ್ಸಿ ಆದಮೇಲೆ 3 ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್ 2ನೇ ವರ್ಷಕ್ಕೇ ಸೇರಬಹುದು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಭೇಟಿಗೆ ಹುಡುಗಿ ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದಳು. ಫೀಸು ಎಷ್ಟು, ಲ್ಯಾಬ್ ಹೇಗಿರುತ್ತೆ, ಮೆಕ್ಯಾನಿಕಲ್‌ಗೆ ಹುಡುಗಿಯರು ಸೇರ್ತಾರಾ. ನಿರ್ಧಾರ ಇನ್ನೂ ಆಗಿಲ್ಲ, ಅವಸರವೂ ಬೇಡ. ಕೊನೆಯ ಪ್ರಶ್ನೆಯನ್ನು ಅಲ್ಲಿ ಓದುತ್ತಿರುವ ಹುಡುಗಿಯರನ್ನೇ ಕೇಳು ಎಂದೆ. ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋಗಲು ಅಪ್ಪ ಒಪ್ಪಿದ್ದಾರೆ.