ಭೇದಭಾವ, ದಿನದ ಕಷ್ಟ ಜನರನ್ನು ಮತಗಟ್ಟೆಯಿಂದ ಹೇಗೆ ದೂರ ಇಡುತ್ತವೆ?

ಮತ ಹಾಕಲು ಆಗುವ ಖರ್ಚು ಇವತ್ತಿನದು, ಖಚಿತವಾದದ್ದು. ಅದರಿಂದ ಸಿಗುವ ಲಾಭ ಎಂದೋ ಒಂದು ದಿನದ್ದು. ಭೇದಭಾವ ಆ ಲಾಭದ ಮೇಲಿನ ನಂಬಿಕೆಯನ್ನೇ ತಿಂದುಹಾಕುತ್ತದೆ. ಹಾಗಾಗಿ ಯಾರೂ ತಡೆಯದಿದ್ದರೂ ಜನ ಹಿಂದೆ ಉಳಿಯುತ್ತಾರೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು, ಚಳ್ಳಕೆರೆ ಕಡೆ ಮಳೆ ಕಡಿಮೆ. ಕೂಲಿ ಹುಡುಕಿಕೊಂಡು ಬೆಂಗಳೂರಿಗೋ ಕಾಫಿ ತೋಟಕ್ಕೋ ಹೋಗುವ ದಲಿತ, ಲಂಬಾಣಿ ಕುಟುಂಬಗಳಿವೆ. ಹೆಸರು ಮಾತ್ರ ಊರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ. ಬಂದು ಹೋಗಲು ಬಸ್ ಚಾರ್ಜು ಬೇಕು, ಜೊತೆಗೆ ಕೂಲಿಯೂ ಹೋಗುತ್ತದೆ. ಮತದಾನದ ದಿನ ದಿನಗೂಲಿಯವರಿಗೂ ಸಂಬಳದ ರಜೆ ಕೊಡಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಆದರೆ ಇವತ್ತು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ. ಯಾರನ್ನು ಕೇಳೋದು? ಹೆಸರನ್ನು ಹೊಸ ಜಾಗಕ್ಕೆ ಬದಲಾಯಿಸಲು ನಮೂನೆ 8 ಅನ್ನುವ ಅರ್ಜಿ ಇದೆ. ಅದಕ್ಕೆ ವಿಳಾಸದ ದಾಖಲೆ ಬೇಕು. ತಗಡಿನ ಶೆಡ್ಡಿನಲ್ಲಿ ಇರುವವರ ಹತ್ತಿರ ಅದೇ ಇರಲ್ಲ.

ಇದರ ಮೇಲೆ ಅವಮಾನ ಬೇರೆ. 2019ರಲ್ಲಿ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿಯವರನ್ನು, ದಲಿತರು ಅನ್ನುವ ಕಾರಣಕ್ಕೆ, ಪಾವಗಡ ತಾಲ್ಲೂಕಿನ ಒಂದು ಹಟ್ಟಿಯೊಳಗೆ ಬಿಡಲಿಲ್ಲ. ಗೆದ್ದ ಸಂಸದರಿಗೇ ಹೀಗಾದರೆ, ಒಂದು ಮತದಿಂದ ತನ್ನ ಪಾಡು ಬದಲಾಗುತ್ತೆ ಅಂತ ಕೂಲಿಯವನು ಹೇಗೆ ನಂಬಬೇಕು?

ಹಾಗಂತ ಬಡವರು ಮತ ಹಾಕಲ್ಲ ಅಂತಲ್ಲ. ಊರಲ್ಲಿ ಇರುವವರು ಬಿಸಿಲಲ್ಲೂ ಸಾಲಲ್ಲಿ ನಿಲ್ಲುತ್ತಾರೆ. ಮತ ತಪ್ಪಿಹೋಗುವವರಲ್ಲಿ ಊರು ಬಿಟ್ಟವರು ಜಾಸ್ತಿ. ಅವರನ್ನು ಸೋಮಾರಿಗಳು ಅನ್ನುವುದು ದೊಡ್ಡ ಅನ್ಯಾಯ. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ, ಚುನಾವಣೆಗೆ ಸಾಕಷ್ಟು ಮೊದಲೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಅವರ ಹೆಸರು ಎಲ್ಲಿದೆ ಅಂತ ವಿಚಾರಿಸಿ ಕೊಡಿ.